ಯಾನ್‌ಪಿಂಗ್ ಹುಟ್ಟಿದ ಗಳಿಗೆ

ಚೀನಾದ ಲೊಯಾಂಗಿನ ಹಳೇ ಪೇಟೆಯ ಓಣಿಯೊಂದರಲ್ಲಿ ರುಯಿಫೆನ್ ಮೂವತ್ತು ವರ್ಷದಿಂದ ಜನರ ಹಣೆಬರಹ ಓದುತ್ತಿದ್ದಾಳೆ. ಮೊದಮೊದಲು ಬಾಗಿಲು ಹಾಕಿಕೊಂಡು, ಮೂಢನಂಬಿಕೆಯೆಂದು ಹಿಡಿಯುತ್ತಿದ್ದ ಪೊಲೀಸರ ಕಣ್ಣು ತಪ್ಪಿಸಿ. ಈಗ ನೋಡಿದರೆ ಡಿಗ್ರಿ ಓದಿದ ಹುಡುಗಿಯರು ಕೈಯಲ್ಲಿ ಕಾಫಿ ಹಿಡಿದು ಸಾಲು ನಿಲ್ಲುತ್ತಾರೆ, ಭವಿಷ್ಯ ಕೇಳುವ ಮೊದಲೇ ಅವಳ ಜೊತೆ ಫೋಟೊ ಹೊಡೆಸಿಕೊಳ್ಳುತ್ತಾರೆ. ಫೋನಿನಲ್ಲೇ ಜಾತಕ ಸಿಗುವ ಕಾಲದಲ್ಲೂ ಇವಳು ಪೆನ್ಸಿಲು ಹಿಡಿದು ಕೈಯಲ್ಲೇ ಲೆಕ್ಕ ಹಾಕುತ್ತಾಳೆ. ಕುರುಡ ಸೋದರಮಾವ ಕಲಿಸಿದ ವಿದ್ಯೆ ಅದು. ಅವಳಿಗೆ ಅದರ ಜಂಬ ಇದ್ದದ್ದು ನಿಜ, ಆದರೆ ನಂಬಿಕೆ ಅದಕ್ಕಿಂತ ದೊಡ್ಡದು. ಮಾವ ತಾನು ಸಾಯುವ ತಿಂಗಳನ್ನು ಮೊದಲೇ ಹೇಳಿ, ಅದೇ ತಿಂಗಳು ಕಣ್ಣು ಮುಚ್ಚಿದ್ದ.

ಹೋದ ತಿಂಗಳು ಯಾನ್‌ಪಿಂಗ್ ಬಂದಿದ್ದಳು. ಮೂವತ್ತೇಳರ ಹೆಂಗಸು, ಹೃದಯದ ಕವಾಟ ಕೆಟ್ಟಿತ್ತು, ಆಪರೇಷನ್ನಿಗೆ ಒಳ್ಳೆಯ ದಿನ ಬೇಕಿತ್ತು. "ಹುಣ್ಣಿಮೆ ಹಬ್ಬ ಕಳೀಲಿ ಕಣಮ್ಮ, ಅಲ್ಲೀತನಕ ಮೈಗೆ ಚಾಕು ತಾಗಿಸ್ಬೇಡ" ಎಂದಿದ್ದಳು ರುಯಿಫೆನ್. ಯಾನ್‌ಪಿಂಗ್ ಆಸ್ಪತ್ರೆಗೆ ಹೋಗಿ ತಾರೀಖು ಎರಡು ತಿಂಗಳು ಮುಂದೆ ಹಾಕಿಸಿದಳು.

ಇವತ್ತು ಬೆಳಿಗ್ಗೆ ಅವಳ ತಾಯಿಯ ಫೋನು. "ಅಕ್ಕ, ಮೆಟ್ಟಿಲು ಹತ್ತಕ್ಕೂ ಆಗ್ತಿಲ್ಲ ಇವ್ಳಿಗೆ. ಕಾಯಬೇಡಿ ಅಂತ ಡಾಕ್ಟರು ಬೈತಾರೆ. ಇವಳು ನೀವು ಹೇಳೋ ತನಕ ಹೋಗಲ್ಲ ಅಂತ ಕೂತಿದಾಳೆ."

ಇನ್ನೊಂದ್ಸಲ ನೋಡಿ ಹೇಳ್ತೀನಿ ಎಂದು ರುಯಿಫೆನ್ ಫೋನಿಟ್ಟಳು. ಅಷ್ಟರಲ್ಲಿ ಜಾತಕ ಕೇಳಲು ಮುಂದೆ ಕೂತಿದ್ದ ಬ್ಯಾಂಕಿನ ಹೆಂಗಸು ಲೆಕ್ಕದ ಕಾಗದಕ್ಕೆ ಬಗ್ಗಿ ನೋಡಿ ನಕ್ಕಳು.

"ಅಮ್ಮಾ, ನಾನು ಹುಟ್ಟಿದ್ದು ತೊಂಬತ್ತರ ಬೇಸಿಗೇಲಿ. ಆಗ ಸರ್ಕಾರದವ್ರು ಗಡಿಯಾರಾನ ಒಂದು ಗಂಟೆ ಮುಂದಿಟ್ಟಿದ್ರಲ್ಲ, ಕಳೀಲೇ ಇಲ್ವಲ್ಲ ನೀವು? ಫೋನಾದ್ರೆ ತಾನೇ ಕಳೀತದೆ."

ಆರು ಬೇಸಿಗೆ ಮಾತ್ರ ನಡೆದ ಪದ್ಧತಿ. ರುಯಿಫೆನ್‌ಗೆ ಗೊತ್ತಿಲ್ಲದ್ದೇನಲ್ಲ, ಸಾಲು ಉದ್ದವಾದ ದಿನ ಮರೆಯುತ್ತಿದ್ದಳು. ಯಾನ್‌ಪಿಂಗ್ ಹುಟ್ಟಿದ್ದು ಎಂಬತ್ತೆಂಟರ ಜುಲೈ, ಬೆಳಿಗ್ಗೆ ಏಳು ಇಪ್ಪತ್ತಕ್ಕೆ. ಅಂದರೆ ನಿಜಕ್ಕೂ ಆರು ಇಪ್ಪತ್ತು. ಗಳಿಗೆಯೇ ಬೇರೆ, ಜಾತಕವೇ ಬೇರೆ.

ಬ್ಯಾಂಕಿನವಳನ್ನು ನಾಳೆ ಬಾ ಎಂದು ಕಳಿಸಿ, ಬಾಗಿಲು ಹಾಕಿ ಹೊಸದಾಗಿ ಲೆಕ್ಕಕ್ಕೆ ಕೂತಳು. ದೇವರೇ, ಈ ತಿಂಗಳು ಒಳ್ಳೆಯದೆಂದು ಬರಲಿ. ಬರಲಿಲ್ಲ. ಮೂರು ಸಲ ಹಾಕಿದಳು, ಮೂರು ಸಲವೂ ಮೊದಲಿಗಿಂತ ಕೆಟ್ಟದ್ದು. ಈ ವರ್ಷ ಚಾಕು ತಾಗಿದರೆ ಜೀವ ಉಳಿಯದು ಎಂದೇ ಇತ್ತು. ಹೋಗು ಎಂದರೆ ತಾನೇ ಕೊಂದ ಹಾಗೆ. ಬೇಡ ಎಂದರೆ ಯಾನ್‌ಪಿಂಗ್ ಉಸಿರು ಕಟ್ಟಿ ಸಾಯುತ್ತಾಳೆ, ಅದನ್ನು ಹೇಳುವುದಕ್ಕೆ ಜಾತಕ ಬೇಕಾಗಿಲ್ಲ.

ಮಧ್ಯಾಹ್ನ ಅವರ ಮನೆಗೆ ಹೋದಳು. ಯಾನ್‌ಪಿಂಗ್ ದಿಂಬಿಗೆ ಒರಗಿಕೊಂಡು ಗಂಜಿ ಕುಡಿಯುತ್ತಿದ್ದಳು. ತುಟಿ ನೀಲಿಗಟ್ಟಿತ್ತು.

"ತಪ್ಪಾಗೋಯ್ತು ಕಣೇ. ಬೇಸಿಗೆ ಗಡಿಯಾರದ ಒಂದು ಗಂಟೆ ಕಳೆಯೋದು ಮರ್ತಿದ್ದೆ. ಈಗ ಸರಿಯಾಗಿ ನೋಡ್ದೆ. ಎಷ್ಟು ಬೇಗ ಮಾಡಿಸ್ತೀಯೋ ಅಷ್ಟು ಒಳ್ಳೇದು."

"ನಿಜವಾ ದೊಡ್ಡಮ್ಮ?"

"ಇಂಥ ಗಳಿಗೆ ಮತ್ತೆ ಸಿಗಲ್ಲ."

ಮೂವತ್ತು ವರ್ಷದಲ್ಲಿ ಜಾತಕದ ಮೇಲೆ ಅವಳು ಹೇಳಿದ ಮೊದಲ ಸುಳ್ಳು ಅದು.

ಗುರುವಾರ ಬೆಳಿಗ್ಗೆ ಯಾನ್‌ಪಿಂಗ್‌ಳನ್ನು ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋದರು. ಅವಳು ನಗುನಗುತ್ತಲೇ ಹೋದಳು. ಹೊರಗಿನ ಬೆಂಚಿನ ಮೇಲೆ ತಾಯಿ ರುಯಿಫೆನ್‌ಳ ಕೈ ಹಿಡಿದು ಕೂತಳು.

"ಅಕ್ಕ, ಬೆಳಿಗ್ಗೆಯಿಂದ ನೀವೇನೂ ತಿಂದಿಲ್ವಲ್ಲ?"

"ಅವ್ಳು ಹೊರಗೆ ಬರ್ಲಿ, ತಿಂತೀನಿ."

"ನಂಗಂತೂ ಒಂಚೂರೂ ಭಯ ಇಲ್ಲ. ನೀವು ನೋಡಿ ಹೇಳಿದೀರಲ್ಲ."

ರುಯಿಫೆನ್ ತಲೆಯಾಡಿಸಿದಳು. ಮಾವನ ವಿದ್ಯೆ, ತಾನು ಕಲಿತದ್ದು, ಇಷ್ಟು ವರ್ಷ ಜನಕ್ಕೆ ಹೇಳಿದ್ದು, ಎಲ್ಲವೂ ಶುದ್ಧ ಸುಳ್ಳಾಗಿರಲಿ ಎಂದು ಮುಚ್ಚಿದ ಬಾಗಿಲನ್ನೇ ನೋಡುತ್ತ ಬೇಡಿಕೊಂಡಳು.