ಮಾವನವರು ಅನ್ನ ಬಿಟ್ಟ ವರ್ಷ

ಹೂಕೋಸನ್ನು ತುರಿದು ಹಬೆಯಲ್ಲಿ ಬೇಯಿಸಿದರೆ ಎಂಥ ವಾಸನೆ ಬರುತ್ತದೆ ಎಂಬುದು ನಿಮಗೆ ಗೊತ್ತೋ ಇಲ್ಲವೋ. ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ ಆ ವಾಸನೆ ಏಳುತ್ತದೆ. ಮಗಳು ಅದನ್ನು ಅನ್ನ ಎಂದು ಕರೆಯುತ್ತಾಳೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಸುಳ್ಳು ಹೇಳಬಾರದೆಂದು ಊರ ಮಕ್ಕಳಿಗೆಲ್ಲ ಕಲಿಸಿದವಳು, ಆ ಹೂಕೋಸಿನ ಪುಡಿಯ ಮೇಲೆ ಸಾರು ಸುರಿದುಕೊಂಡು "ಥೇಟ್ ಅನ್ನದ ಹಾಗೇ ಇದೆ ಅಲ್ವಾ ಅಮ್ಮ?" ಎಂದು ನನ್ನ ಮುಖ ನೋಡುತ್ತಾಳೆ. ಇದಕ್ಕೆ ಲೋ ಕಾರ್ಬ್ ಎನ್ನುತ್ತಾರಂತೆ. ಅನ್ನ, ರೊಟ್ಟಿ, ಬೆಲ್ಲ, ಆಲೂಗಡ್ಡೆ ಯಾವುದೂ ಕೂಡದು. ಅವಳ ತೂಕ ಇಳಿದಿರುವುದು ನಿಜ. ಮಂಡಿ ಹಿಡಿದುಕೊಳ್ಳದೆ ಮೆಟ್ಟಿಲು ಹತ್ತುತ್ತಾಳೆ. ಆದ್ದರಿಂದ ನಾನು ಬಾಯಿ ಮುಚ್ಚಿಕೊಂಡಿದ್ದೇನೆ.

ಇದೇನೋ ನಿನ್ನೆ ಮೊನ್ನೆ ಕಂಡುಹಿಡಿದ ವಿದ್ಯೆ ಎಂಬಂತೆ ಅವಳು ಫೋನಿನಲ್ಲಿ ಗೆಳತಿಯರಿಗೆ ವಿವರಿಸುವಾಗ ಮಾತ್ರ ನನಗೆ ನಗು ಬರುತ್ತದೆ. ಈ ವಿದ್ಯೆ ಅವಳು ಹುಟ್ಟುವ ಮುಂಚೆಯೇ ನಮ್ಮ ಮನೆಗೆ ಬಂದಿತ್ತು. ಅದಕ್ಕೆ ಅಡುಗೆ ಮಾಡಿದವಳು ನಾನು. ಕೆಡಿಸಿದವಳೂ ನಾನೇ.

ನಾನು ಶಿಕಾರಿಪುರದ ಹುಡುಗಿ. ಐವತ್ತರ ದಶಕ ಮುಗಿಯುತ್ತ ಬಂದಾಗ ಸೊರಬದ ಪಕ್ಕದ ಒಂದು ಹಳ್ಳಿಗೆ ಸೊಸೆಯಾಗಿ ಹೋದೆ. ಎರಡೂ ಅಕ್ಕಪಕ್ಕದ ತಾಲ್ಲೂಕು, ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಆದರೆ ಊಟಕ್ಕೆ ಕೂತರೆ ಬೇರೆ ದೇಶಕ್ಕೆ ಬಂದಂತೆ. ನಮ್ಮ ಕಡೆ ಬೆಳಗಾದರೆ ಓಣಿಯ ತುಂಬ ಜೋಳದ ರೊಟ್ಟಿ ಬಡಿಯುವ ಸದ್ದು. ಅನ್ನವೆಂದರೆ ಊಟದ ಕೊನೆಗೆ ಒಂದು ಹಿಡಿ. ಇಲ್ಲಿ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಹೋದ ಹೊಸದರಲ್ಲಿ ತವರಿನ ನೆನಪಾಗಿ ರೊಟ್ಟಿ ಬಡಿಯಲು ಕೂತೆ. ಹಿತ್ತಿಲಿನಲ್ಲಿದ್ದ ಅತ್ತೆ ಗಾಬರಿಯಿಂದ ಓಡಿಬಂದು "ಎಂತ ಬಿತ್ತೇ ಮಾರಾಯ್ತಿ?" ಎಂದರು. ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಆ ದವಡೆಯಿಂದ ಈ ದವಡೆಗೆ ತಳ್ಳಿ, ಕೊನೆಗೆ ಸೆರಗಿನಲ್ಲಿ ಮರೆಮಾಡಿ ಎಮ್ಮೆಗೆ ಹಾಕಿದರು. ಅವರಿಗೆ ಆಗಲೇ ಅರ್ಧ ಹಲ್ಲು ಬಿದ್ದಿದ್ದವು ಎಂಬುದು ನನಗೆ ಹೊಳೆಯಲಿಲ್ಲ. ನನ್ನ ರೊಟ್ಟಿಗೆ ಅವಮಾನವಾಯಿತೆಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಮಾವನವರು ಆ ಸೀಮೆಯಲ್ಲಿ ಊಟಕ್ಕೆ ಹೆಸರಾದವರು. ಸ್ವಂತ ಗದ್ದೆಯ ಜೀರಿಗೆಸಣ್ಣದ ಅಕ್ಕಿ. ಎಲೆಯ ಮೇಲೆ ಅನ್ನ ರಾಶಿಯಾಗಿ ಬೀಳಬೇಕು. ನಡುವೆ ಕುಣಿ ಮಾಡಿ, ಸಾರು ತುಂಬಿಸಿ, ಒಂದು ಹನಿ ಆಚೆ ಹರಿಯದ ಹಾಗೆ ಕಲಸುತ್ತಿದ್ದರು. ವರ್ಷವೆಲ್ಲ ಗದ್ದೆಗೆ ನೀರು ಕಟ್ಟಿದ ಕೈ, ಎಲೆಯ ಮೇಲೆ ತಪ್ಪುತ್ತದೆಯೇ? ಹೊಟ್ಟೆಯೂ ಹಾಗೇ ಇತ್ತು. ಜಗಲಿಯ ಮೇಲೆ ಕೂತರೆ ತಮ್ಮ ಪಾದ ತಮಗೇ ಕಾಣುತ್ತಿರಲಿಲ್ಲ.

ಆ ಪಾದದಲ್ಲೇ ತೊಂದರೆ ಶುರುವಾಯಿತು. ಬದು ಕಡಿಯುವಾಗ ಗುದ್ದಲಿ ತಾಗಿ ಎಡಗಾಲಿನ ಹೆಬ್ಬೆರಳಿಗೆ ಗಾಯವಾಗಿತ್ತು. ಅರಿಸಿನ ಹಚ್ಚಿದರು, ಸೊಪ್ಪಿನ ರಸ ಹಿಂಡಿದರು. ಎರಡು ತಿಂಗಳಾದರೂ ಮಾಯಲಿಲ್ಲ. ಅವರು ಮೂತ್ರಕ್ಕೆ ಕೂರುವ ಜಾಗದಲ್ಲಿ ಇರುವೆ ಮುತ್ತುತ್ತಿದ್ದುದನ್ನು ಮೊದಲು ಕಂಡವರು ಅತ್ತೆ. ಗಂಡನಿಗೆ ಹೇಳಲು ನಾಚಿಕೆ, ಮಗನಿಗೆ ಹೇಳಲು ಇನ್ನೂ ನಾಚಿಕೆ. ನನ್ನ ಯಜಮಾನರು ಚಂದ್ರಗುತ್ತಿಯಲ್ಲಿ ಮೇಷ್ಟರಾಗಿದ್ದು ಭಾನುವಾರ ಮಾತ್ರ ಮನೆಗೆ ಬರುತ್ತಿದ್ದರು. ಹಾಗಾಗಿ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ನಾನು ಶಿಕಾರಿಪುರದಲ್ಲಿದ್ದ ಅಪ್ಪನಿಗೆ ಕಾಗದ ಬರೆದೆ. ಅಪ್ಪ ಅಲ್ಲಿನ ಒಬ್ಬ ಹಿರಿಯ ಡಾಕ್ಟರನ್ನು ಗೊತ್ತು ಮಾಡಿದರು.

ಡಾಕ್ಟರು ಗಾಜಿನ ಕೊಳವೆಯಲ್ಲಿ ನೀಲಿ ನೀರಿನಂಥದನ್ನು ಸುರಿದು, ಅದಕ್ಕೆ ಮಾವನವರ ಮೂತ್ರದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನಾವು ನೋಡುತ್ತಿದ್ದಂತೆ ಇಟ್ಟಿಗೆ ಕೆಂಪಾಯಿತು.

"ನೋಡ್ರಿ ಗೌಡ್ರೆ, ಇದು ನೀಲಿನೇ ಉಳೀಬೇಕಿತ್ತು. ನಿಮಗೆ ಸಕ್ಕರೆ ಕಾಯಿಲೆ ಐತಿ. ಇವತ್ತಿಂದ ಅನ್ನ ಬಿಡ್ರಿ. ಬಿಡದಿದ್ರೆ ಮೊದ್ಲು ಈ ಬೆರಳು ಹೋಗ್ತದೆ, ಆಮೇಲೆ ಕಾಲು."

ಮಾವನವರು ಕಾಲಿನ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. "ಅನ್ನ ಬಿಟ್ಟು ಉಣ್ಣೋದೆಂತ?" ಎಂದು ಕೇಳಿದರು.

ಈಗ ನಮ್ಮ ತಪ್ಪನ್ನು ಹೇಳುತ್ತೇನೆ, ನಗಬೇಡಿ. ಆ ಮನೆಯಲ್ಲಿ ಅನ್ನ ಬಿಡುವುದು ಹೊಸದೇನೂ ಆಗಿರಲಿಲ್ಲ. ಪ್ರತಿ ಸೋಮವಾರ ಒಪ್ಪತ್ತು ಇತ್ತು. ಮಧ್ಯಾಹ್ನ ಒಂದು ಊಟ. ರಾತ್ರಿ ಅನ್ನ ಮುಟ್ಟುವ ಹಾಗಿಲ್ಲ, ಫಲಾಹಾರ. ಫಲಾಹಾರವೆಂದರೆ ಹಣ್ಣು ಎಂದುಕೊಂಡಿರಾದರೆ ನೀವು ನಮ್ಮ ಕಡೆಯವರಲ್ಲ. ಒಗ್ಗರಣೆ ಅವಲಕ್ಕಿ, ಅಕ್ಕಿತರಿಯ ಉಪ್ಪಿಟ್ಟು, ಬೆಣ್ಣೆ ಹಾಕಿದ ದೋಸೆ. ಬೆಂದ ಅನ್ನವೊಂದನ್ನು ಬಿಟ್ಟರೆ ವ್ರತ ಕೆಡುವುದಿಲ್ಲ. ಡಾಕ್ಟರು ಹೇಳಿದ್ದೂ ಇದನ್ನೇ, ವಾರದ ಏಳು ದಿನವೂ ಸೋಮವಾರ ಮಾಡಿ ಎಂದು, ಹೀಗೆ ನಾವು ತಿಳಿದೆವು. ಒಬ್ಬರಿಗೂ ಅನುಮಾನ ಬರಲಿಲ್ಲ.

ನಾನಂತೂ ಸೆರಗು ಸಿಕ್ಕಿಸಿಕೊಂಡು ನಿಂತೆ. ತವರಿನಲ್ಲಿ ಕಲಿತದ್ದು, ಅತ್ತೆಯಿಂದ ಕಲಿತದ್ದು ಎಲ್ಲವೂ ಹೊರಬಂತು. ಬೆಳಿಗ್ಗೆ ಕಡುಬು, ಮಧ್ಯಾಹ್ನ ಕಾಯಿಹಾಲಿನ ಜೊತೆ ಶಾವಿಗೆ, ಸಂಜೆಗೆ ಮಂಡಕ್ಕಿ, ರಾತ್ರಿ ಅಕ್ಕಿರೊಟ್ಟಿ. ಮಾವನವರು ಸಂತೋಷವಾಗಿದ್ದರು. "ಡಾಕ್ಟ್ರು ಹೇಳಿದ್ದು ಕೇಳಿ ಹೆದ್ರಿದ್ದೆ. ಇಂಥ ಸೊಸೆ ಇದ್ರೆ ಎಂತ ಕಷ್ಟ?" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಿಷ್ಠೆಯಲ್ಲಿ ಅವರು ಒಂದಗುಳಿನಷ್ಟೂ ತಪ್ಪಲಿಲ್ಲ. ಕ್ಯಾಸನೂರಿನ ನೆಂಟರ ಮನೆಯ ಮದುವೆಯಲ್ಲಿ ಅನ್ನ ಬಡಿಸಲು ಬಂದವರಿಗೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬೇಡವೆಂದರು. ಹನ್ನೆರಡು ಹೋಳಿಗೆ ತಿಂದು ಎದ್ದರು. ಪಂಕ್ತಿಯವರೆಲ್ಲ ಅವರ ಮನೋಬಲವನ್ನು ಹೊಗಳಿದರು.

ತಿಂಗಳು ಕಳೆದು ಮತ್ತೆ ಶಿಕಾರಿಪುರಕ್ಕೆ ಹೋದೆವು. ಕೊಳವೆ ಮತ್ತೆ ಇಟ್ಟಿಗೆ ಕೆಂಪಾಯಿತು. ಬೆರಳಿನ ತುದಿ ಕಪ್ಪಗಾಗಿತ್ತು.

"ಅನ್ನ ಬಿಟ್ಟೀರೇನ್ರಿ?"

"ದೇವರಾಣೆ, ಒಂದಗುಳು ಮುಟ್ಲಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿ, ಏನೇನು ತಿನ್ನುತ್ತಾರೆ ಹೇಳಮ್ಮ ಎಂದರು. ನಾನು ಬಹುಮಾನ ತೆಗೆದುಕೊಳ್ಳಲು ನಿಂತವಳಂತೆ ಒಂದೊಂದಾಗಿ ಹೇಳಿದೆ. ನಾನು ಹೇಳುತ್ತಿದ್ದಂತೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಂಗೀ, ಅವಲಕ್ಕಿ ಯಾವುದ್ರಿಂದ ಮಾಡ್ತಾರ?"

"ಭತ್ತದಿಂದ್ರಿ."

"ಕಡುಬು?"

"ಅಕ್ಕಿ..." ಎಂದೆ. ದೋಸೆಯ ಬಗ್ಗೆ ಅವರು ಕೇಳುವ ಮೊದಲೇ ನನ್ನ ತಲೆ ತಗ್ಗಿತ್ತು.

"ಒಪ್ಪತ್ತಿನ ಲೆಕ್ಕ ದೇವರ ಹತ್ರ ನಡೀತೈತ್ರಿ. ಮೈಯೊಳಗೆ ನಡೆಯಂಗಿಲ್ಲ. ಇನ್ನೊಂದು ತಿಂಗಳು ಹಿಂಗೇ ಆದ್ರೆ ಬೆರಳು ತೆಗೀತೀನಿ" ಎಂದರು. ಸಿಟ್ಟಿನಿಂದಲ್ಲ, ಬೇಸರದಿಂದ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಮುಂದಿನ ಸೀಟಿನಿಂದ ಮಾವನವರು ತಿರುಗಿ, "ನೀ ಎಂತಕ್ಕೆ ಅಳ್ತೀಯ? ತಿಂದಿದ್ದು ನಾನಲ್ವ?" ಎಂದರು. ಅದಕ್ಕೆ ಇನ್ನಷ್ಟು ಅಳು ಬಂತು.

ಆಮೇಲೆ ಶುರುವಾದದ್ದು ನಿಜವಾದ ಪಥ್ಯ. ಹುರುಳಿಕಾಳು, ಹೆಸರುಕಾಳು, ಹರಿವೆ ಸೊಪ್ಪು, ಹಾಗಲಕಾಯಿ, ಸೌತೆಕಾಯಿ, ಬೆಣ್ಣೆ ತೆಗೆದ ಮಜ್ಜಿಗೆ. ಹೊತ್ತಿಗೆ ಒಂದೇ ಒಂದು ಜೋಳದ ರೊಟ್ಟಿ, ಅದೂ ತೆಳ್ಳಗೆ. ಕೊನೆಗೂ ನನ್ನ ರೊಟ್ಟಿಗೆ ಆ ಮನೆಯಲ್ಲಿ ಮರ್ಯಾದೆ ಬಂತು. ಮೊದಲ ವಾರ ಮಾವನವರಿಗೆ ತಲೆನೋವು, ಸಿಟ್ಟು, ಯಾರನ್ನು ಕಂಡರೂ ಬೈಗಳು. "ದನಕ್ಕೂ ನನಗೂ ಒಂದೇ ಬುಟ್ಟೀಲಿ ಸೊಪ್ಪು ತರ್ತೀಯಲ್ಲೇ" ಎನ್ನುತ್ತಿದ್ದರು. ನಾನು ಪೊಲೀಸಿನವಳಂತೆ ಕಾದೆ. ಅವರು ಪಕ್ಕದ ಮನೆಗೆ ಹೊರಟರೆ ಹಿಂದೆಯೇ ಹೋಗಿ "ನಮ್ಮ ಮಾವಗೆ ಏನೂ ಕೊಡಬ್ಯಾಡ್ರಿ" ಎಂದು ಹೇಳಿಬರುತ್ತಿದ್ದೆ. ಇದನ್ನು ಈಗ ನೆನೆದರೆ ಮೈ ಹಿಡಿಯಾಗುತ್ತದೆ. ಎರಡು ತಿಂಗಳಲ್ಲಿ ಬಾಯಾರಿಕೆ ಇಳಿಯಿತು. ಪಂಚೆಯ ಗಂಟು ಒಳಕ್ಕೆ ಸರಿಯಿತು. ಕೊಳವೆ ಹಸಿರಿಗೆ ನಿಂತಿತು. ಬೆರಳಿನ ಮೇಲೆ ಹೊಸ ಚರ್ಮ ಬಂದುದನ್ನು ನೋಡಿ ಡಾಕ್ಟರು ನನಗೆ ಶಹಭಾಸ್ ಎಂದರು. ನಾನು ಉಬ್ಬಿಹೋದೆ. ಆಗ ಬಸುರಿಯಾದ್ದರಿಂದ ಹೇಗೂ ಉಬ್ಬುತ್ತಿದ್ದೆ.

ಸೀಮಂತ ಬಂತು. ಬಳೆ ತೊಡಿಸಲು ಶಿಕಾರಿಪುರದಿಂದ ಬಳೆಗಾರ ಸಾಬರು ಬಂದರು. ಬಿಳಿ ಗಡ್ಡದ ಮುದುಕರು. ಎರಡು ತಾಲ್ಲೂಕಿನ ಹೆಂಗಸರ ಮಣಿಕಟ್ಟಿನ ಅಳತೆ ಅವರ ಬಾಯಲ್ಲಿತ್ತು. ಜಗಲಿಯ ಮೇಲೆ ಬಳೆಯ ಮಲಾರ ಬಿಚ್ಚಿ ಕೂತರು. ನನಗೆ ಹಸಿರು ಬಳೆ ಇಟ್ಟಾಯಿತು. ಅತ್ತೆಯ ಕೈ ಹಿಡಿದವರು ಯಾವಾಗಲೂ ಇಡುವ ಅಳತೆಯ ಬಳೆ ಏರಿಸಿದರು. ಬಳೆ ಮುಂಗೈಯಲ್ಲಿ ನಿಲ್ಲದೆ ಮೊಣಕೈವರೆಗೆ ಜಾರಿತು.

"ಯಾಕ್ರಿ ಅಮ್ಮಾರ, ಕೈ ಹಿಂಗಾಗೈತಿ? ಮೂವತ್ತು ವರ್ಷದಿಂದ ಬಳಿ ಇಡಾಕತ್ತೀನಿ, ನಿಮ್ಮ ಅಳತಿ ನನಗ ಗೊತ್ತಿಲ್ಲೇನ್ರಿ? ಇದು ಸಣ್ಣ ಹುಡುಗಿ ಕೈ ಆಗೈತಲ್ರಿ. ಉಣ್ಣಾದು ಬಿಟ್ಟೀರೇನು?"

ಅತ್ತೆ ನಕ್ಕು ಕೈ ಎಳೆದುಕೊಂಡರು. ಜಗಲಿಯ ಇನ್ನೊಂದು ತುದಿಯಲ್ಲಿ ಮಾವನವರು ಕೂತಿದ್ದರು. ನಾವಿಬ್ಬರೂ ಒಟ್ಟಿಗೆ ಅತ್ತೆಯನ್ನು ನೋಡಿದೆವು. ಕೊರಳಿನ ಮೂಳೆ ಎದ್ದಿತ್ತು, ಕುಪ್ಪಸ ಭುಜದಿಂದ ಜಾರುತ್ತಿತ್ತು. ಅಷ್ಟು ದಿನ ನಮ್ಮ ಕಣ್ಣೆಲ್ಲ ಒಂದು ಬೆರಳಿನ ಮೇಲೆಯೇ ಇತ್ತು.

ಅತ್ತೆ ಮದುವೆಯಾದಂದಿನಿಂದ ಮಾವನವರು ಉಂಡ ಎಲೆಯಲ್ಲೇ ಉಣ್ಣುತ್ತಿದ್ದರು. ಆ ಕಾಲದಲ್ಲಿ ಅದು ಎಷ್ಟೋ ಮನೆಗಳ ಪದ್ಧತಿ. ಗಂಡ ಎದ್ದ ಮೇಲೆ ಅದೇ ಎಲೆಯ ಮುಂದೆ ಹೆಂಡತಿ ಕೂರುವುದು, ಅವನು ಉಳಿಸಿದ್ದರ ಜೊತೆಗೆ ತನಗೆ ಬೇಕಾದದ್ದನ್ನು ಬಡಿಸಿಕೊಳ್ಳುವುದು. ನನ್ನನ್ನು "ಬಸುರಿ ಕಾಯಬಾರ್ದು, ನೀ ಉಣ್ಣು" ಎಂದು ಅತ್ತೆ, ಮಾವನವರು ಮನೆಗೆ ಬರುವ ಮೊದಲೇ ಊಟಕ್ಕೆ ಕೂರಿಸಿಬಿಡುತ್ತಿದ್ದರು. ಆಮೇಲೆ ಅವರು ಏನು ಉಂಡರು ಎಂದು ನಾನು ಒಂದು ದಿನವೂ ತಿರುಗಿ ನೋಡಲಿಲ್ಲ.

ಒಳಗೆ ಕರೆದುಕೊಂಡು ಹೋಗಿ ಕೇಳಿದೆ. "ಅವ್ರ ಎಲೇಲಿ ಅನ್ನ ಹಾಕ್ಕಂಡು ಹೆಂಗೆ ಉಣ್ಲೇ? ಜಗಲೀಲೇ ಕೂತಿರ್ತಾರೆ. ಬಿಸಿ ಅನ್ನದ ವಾಸನೆ ಹೋಗ್ತದೆ. ಪಾಪ, ಆಸೆ ಆಗ್ತದೆ. ಅವ್ರು ಬಿಟ್ಟ ಸೊಪ್ಪು, ಮಜ್ಜಿಗೆ ನಂಗೆ ಸಾಕಾಗ್ತದೆ" ಎಂದರು. ರೊಟ್ಟಿ ಅಗಿಯಲು ಹಲ್ಲಿಲ್ಲ ಎಂಬುದನ್ನು ಆಗಲೂ ಹೇಳಲಿಲ್ಲ, ನನಗೆ ಬೇಸರವಾದೀತೆಂದು.

ಮರುದಿನ ಮಧ್ಯಾಹ್ನ ಮಾವನವರು ಉಂಡು ಮುಗಿಸಿದವರೇ ತಮ್ಮ ಎಲೆಯನ್ನು ತಾವೇ ಮಡಚಿ ಹಿತ್ತಿಲಿಗೆ ಒಯ್ದು ತಿಪ್ಪೆಗೆ ಎಸೆದರು. ಆ ಮನೆಯಲ್ಲಿ ಗಂಡಸು ಎಲೆ ಎತ್ತಿದ್ದು ಅದೇ ಮೊದಲು. ಅತ್ತೆ ಕಂಬಕ್ಕೆ ಆತುಕೊಂಡು ನಿಂತರು. "ನಾ ಎಂಥ ತಪ್ಪು ಮಾಡ್ದೆ ಅಂತ ಎಲೆ ಎತ್ತಿದ್ರಿ?" ಎಂದು ಕೇಳಿದರು.

ಮಾವನವರು ಕೈ ತೊಳೆದು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. "ಕಾಯಿಲೆ ಬಂದಿದ್ದು ನಂಗೆ. ನೀ ಎಂತಕ್ಕೆ ಸಾಯ್ತೀಯ? ಬೇರೆ ಎಲೆ ಹಾಕ್ಕ. ಅನ್ನ ಬಡಿಸ್ಕ. ನಾ ಇಲ್ಲೇ ಕೂತಿರ್ತೀನಿ."

ನಾನು ಎಲೆ ಹಾಸಿದೆ. ಒಲೆಯ ಮೇಲಿನ ಚರಿಗೆಯಿಂದ ಅನ್ನ ಬಡಿಸಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟರು.

"ಹೆಂಗಿದೆ?" ಎಂದು ಮಾವನವರು ಕೇಳಿದರು.

"ಬಿಸಿ ಇದೆ" ಎಂದರು ಅತ್ತೆ. ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದವರಿಗೆ ಮೂವತ್ತು ವರ್ಷದಲ್ಲಿ ಬಿಸಿ ಅನ್ನ ಎಷ್ಟು ಸಲ ಸಿಕ್ಕಿತ್ತೋ. ಅವರು ಉಂಡು ಮುಗಿಸುವವರೆಗೆ ಮಾವನವರು ಹೊಸ್ತಿಲು ಬಿಟ್ಟು ಏಳಲಿಲ್ಲ. ಅಂದಿನಿಂದ ದಿನವೂ ಹಾಗೇ. ಮುಂದೆ ಹತ್ತು ಹದಿನೈದು ವರ್ಷ ಬದುಕಿದರು, ಎರಡು ಕಾಲು ಹತ್ತು ಬೆರಳಿನೊಂದಿಗೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ನಿಮ್ಮಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೇನೆ. ಮಗಳು ಪಥ್ಯ ಶುರುಮಾಡಿದ ದಿನ ನನಗೆಂದು ಬೇರೆ ಅನ್ನ ಇಡಲು ಹೋದಳು. "ಒಬ್ಬಳಿಗೆ ಯಾಕೆ, ನನಗೂ ಅದೇ ಸಾಕು" ಎಂದುಬಿಟ್ಟೆ. ಅನ್ನದ ವಾಸನೆಗೆ ಅವಳ ಮನಸ್ಸು ಕದಲಬಾರದು ಎಂದು ನನ್ನ ಯೋಚನೆ. ಒಂದು ತಿಂಗಳಿಂದ ಹೂಕೋಸು ನುಂಗುತ್ತಿದ್ದೇನೆ. ಮೊನ್ನೆ ಬಚ್ಚಲಿನಲ್ಲಿ ತಲೆ ಸುತ್ತಿದಂತಾಗಿ ಗೋಡೆ ಹಿಡಿದು ನಿಂತಿದ್ದೆ, ಅದನ್ನೂ ಅವಳಿಗೆ ಹೇಳಲಿಲ್ಲ. ಇದನ್ನು ತ್ಯಾಗವೆಂದುಕೊಂಡು ಒಳಗೊಳಗೇ ಹೆಮ್ಮೆಪಟ್ಟವಳಿಗೆ ಈಗ ಬರೆದದ್ದನ್ನು ಓದಿಕೊಂಡು ನಾಚಿಕೆಯಾಯಿತು.

ಎದ್ದು ಅಡುಗೆಮನೆಗೆ ಹೋದೆ. ಮಗಳು ಸೌತೆಕಾಯಿ ಹೆಚ್ಚುತ್ತಿದ್ದಳು.

"ನನಗೆ ಹಸಿವಾಗ್ತಿದೆ ಕಣೇ. ಅನ್ನ ಬೇಕು" ಎಂದೆ.

ಅವಳ ಕೈ ನಿಂತಿತು. "ತಿಂಗಳಿಂದ ಹಸ್ಕೊಂಡಿದ್ಯಾ? ಬಾಯಿಬಿಟ್ಟು ಹೇಳೋಕೆ ಏನಾಗಿತ್ತಮ್ಮ ನಿನಗೆ?"

ನನಗೆ ಹಸಿವಾಗಿದೆ ಎಂದು ಹೆಂಗಸೊಬ್ಬಳು ಬಾಯಿಬಿಟ್ಟು ಹೇಳಿದ್ದನ್ನು ಅತ್ತೆಯ ಆ ಮನೆಯಲ್ಲಿ ನಾನು ಒಂದು ದಿನವೂ ಕೇಳಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಒಂದು ಪಾವು ಅಕ್ಕಿ ಅಳೆದು ಅವಳ ಕೈಗೆ ಕೊಟ್ಟೆ.