ಸುಣ್ಣ ಹಾಕದ ಓಕುಳಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಸುಮ್ಮನೆ ತಲೆಯಾಡಿಸಿ, ಒಳಗೊಳಗೇ ನಗುತ್ತಿದ್ದವಳು. ಎಲ್ಲಕ್ಕೂ ಕಾರಣ ಹುಡುಕುವುದನ್ನು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಂಜನಗೂಡಿನಲ್ಲಿ ಫ್ಯಾಕ್ಟರಿಗಳ ಹಿಂದಿನ ಬೀದಿ ನಮ್ಮದು. ಒಂದು ಶುಕ್ರವಾರ ಬೆಳಿಗ್ಗೆ ಎದುರುಮನೆಯ ಶಿವಮ್ಮಕ್ಕ ಹೊಸ್ತಿಲಿಗೆ ಅರಿಶಿನ ಬಳಿದು, ಬೀದಿಯ ಬೋರ್‌ವೆಲ್ ನೀರು ಚಿಮುಕಿಸಿದರು. ಹನಿ ಬಿದ್ದಲ್ಲೆಲ್ಲ ಅರಿಶಿನ ಕೆಂಪಾಯಿತು.

“ಸುಣ್ಣ ಆಕ್ದೆನೆ ಓಕುಳಿ ಆಗ್ಯದೆ, ನೋಡ್ಬಾರವ್ವ! ಅಮ್ಮ ಕುಂಕುಮ ಕೊಟ್ಟವ್ಳೆ!”

ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸುತ್ತೇವಲ್ಲ, ಅದೇ ಕೆಂಪು. ಸುಣ್ಣದ ಗುಣದ ಯಾವುದೋ ರಾಸಾಯನಿಕ ನೀರಿಗೆ ಇಳಿದಿದೆ ಎಂದು ನನಗೆ ಹೊಳೆಯಿತು. ಅರಿಶಿನದ ಪೊಟ್ಟಣ ಹಿಡಿದು ಚರಂಡಿಯ ಗುಂಟ ಮೇಲಕ್ಕೆ ಹೋದೆ. ದಾರಿಯ ಒಂದೊಂದು ಬೋರ್‌ವೆಲ್ಲಿನ ನೀರನ್ನೂ ಅಂಗೈಯ ಅರಿಶಿನಕ್ಕೆ ಬಿಟ್ಟು ನೋಡಿದೆ. ಹೋದಂತೆಲ್ಲ ಕೆಂಪು ಗಾಢವಾಯಿತು. ಕೊನೆಗೊಂದು ಹಳ್ಳ. ಟ್ಯಾಂಕರಿನ ಚಕ್ರದ ಅಚ್ಚು, ಸುಟ್ಟಂತೆ ಕಂದಿದ ಗರಿಕೆ, ಸೋಪು ಸವರಿದ ಹಾಗೆ ಜಾರುವ ಮಣ್ಣು.

ಓಡಿ ಬಂದೆ. ಶಿವಮ್ಮಕ್ಕನ ಸೊಸೆ ರೇಖಾ, ತುಂಬು ಬಸುರಿ, ಆ ನೀರನ್ನೇ ತೀರ್ಥವೆಂದು ಕುಡಿಯುತ್ತಿದ್ದಳು.

“ಕುಡೀಬೇಡ ಕಣೇ, ಫ್ಯಾಕ್ಟರಿ ವಿಷ ಅದು” ಅಂದೆ.

“ಓದ್ದೋರ್ಗೆ ದೇವ್ರ ಕುಂಕುಮನೂ ವಿಷ್ವಾಗೇ ಕಾಣ್ತದೆ, ಬುಡು” ಎಂದು ಶಿವಮ್ಮಕ್ಕ ನಕ್ಕರು. ರೇಖಾ ಅತ್ತೆಯ ಮುಖ ನೋಡಿ ಇನ್ನೊಂದು ಲೋಟ ತುಂಬಿಕೊಂಡಳು.

ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಮಳೆ ಬಿದ್ದು ಹಳ್ಳ ತೊಳೆದುಹೋಗಿತ್ತು. ಬಾಟಲಿಯಲ್ಲಿ ನೀರು ಒಯ್ದವರು, ಕುಡಿಯಲು ಅಡ್ಡಿಯಿಲ್ಲ ಎಂದರು. ರೇಖಾಳ ಮಗು ಉಳಿಯಲಿಲ್ಲ. ನೀರಿನಿಂದ ಎಂದು ಯಾವ ಡಾಕ್ಟರೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಅವಳ ತವರು ತಿ. ನರಸೀಪುರ. ನೋಡಲು ಹೋದಾಗ ದೀಪ ಹಚ್ಚುವ ಹೊತ್ತು. ಅವಳ ತಾಯಿ ಆಗಷ್ಟೇ ಹೊಸ್ತಿಲು ತೊಳೆದು ಅರಿಶಿನ ಬಳಿದಿದ್ದರು. ನಮ್ಮ ಕಪಿಲೆಯೇ ಅಲ್ಲಿಗೂ ಹರಿದು ಹೋಗುತ್ತಾಳೆ ನಿಜ, ಆದರೆ ಹಸಿ ಅರಿಶಿನ ಹಳದಿಯಾಗಿಯೇ ಇತ್ತು. ಅದನ್ನು ನಾನು ಗಮನಿಸಿಯೇ ನಿಂತಿದ್ದೆ.

ರೇಖಾ ಒಳಗಿಂದ ಬಂದವಳು ನನ್ನನ್ನು ಕಂಡು ಹೊಸ್ತಿಲ ಬಳಿ ಕುಸಿದಳು. “ಕುಡೀಬ್ಯಾಡ ಅಂತ ನೀವು ಏಳುದ್ರಲ್ಲಕ್ಕಾ…” ಎಂದಳು, ಅಷ್ಟೇ. ಕಣ್ಣೀರು ಹೊಸ್ತಿಲ ಮೇಲೆ ಬಿತ್ತು. ಬಿದ್ದ ಒಂದೊಂದು ಹನಿಯ ಜಾಗವೂ ಕೆಂಪಾಯಿತು.

ಇಬ್ಬರೂ ನೋಡಿದೆವು. ಅವಳ ಅಳು ನಿಂತುಹೋಯಿತು. ತಾಯಿ ಬಂದು, “ಕುಂಕುಮ ಚೆಲ್ಬುಟ್ಯಾ ಮಗ?” ಎನ್ನುತ್ತ ಒರೆಸಿಬಿಟ್ಟರು.

ಮನೆಗೆ ಬಂದು ಅಂಗೈಯ ಅರಿಶಿನದ ಮೇಲೆ ನನ್ನ ಕಣ್ಣೀರು ಬಿಟ್ಟು ನೋಡಿದೆ. ಆ ದಿನ ಅದಕ್ಕೆ ಕಷ್ಟಪಡಬೇಕಿರಲಿಲ್ಲ. ಅರಿಶಿನ ಹಳದಿಯಾಗಿಯೇ ಉಳಿಯಿತು.

ಕಾರಣ ಇಂದಿಗೂ ಸಿಕ್ಕಿಲ್ಲ. ಟ್ಯಾಂಕರ್ ಯಾರದೆಂದೂ ಗೊತ್ತಾಗಲಿಲ್ಲ. ಬೀದಿ ಆ ನೀರನ್ನೇ ಕುಡಿಯುತ್ತಿದೆ. ರೇಖಾಳಿಗೆ ಮತ್ತೆ ಮಕ್ಕಳಾಗಲಿಲ್ಲ. ಎದುರುಮನೆಯ ಹೊಸ್ತಿಲಿಗೆ ಶುಕ್ರವಾರ ಈಗ ಅವಳೇ ಅರಿಶಿನ ಬಳಿಯುವುದು. ಬಗ್ಗುವ ಮುಂಚೆ ಸೆರಗಿನಿಂದ ಎರಡೂ ಕಣ್ಣನ್ನು ಒತ್ತಿ ಒಣಗಿಸಿಕೊಳ್ಳುತ್ತಾಳೆ.