ಎಣಿಸಬಾರದ ರೊಪ್ಪ

ಮಿಡಿಗೇಶಿ ಬೆಟ್ಟದ ಆಸುಪಾಸಿನಲ್ಲಿ ಮುದ್ದಕ್ಕನ ಬಾಯಿಗೆ ಹೆದರದವರಿಲ್ಲ. ಅರವತ್ತು ದಾಟಿದ ಹೆಂಗಸು, ಗಂಡ ಹೋಗಿ ವರ್ಷಗಳಾದವು, ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಕೋಲು. ತನ್ನ ಕುರಿಗಳನ್ನು ಬಿಟ್ಟರೆ ಈ ಲೋಕದಲ್ಲಿ ಯಾರ ಮೇಲೂ ಮಮತೆ ಇಟ್ಟುಕೊಂಡವಳಲ್ಲ. ಅದರಲ್ಲೂ ಮೈದುನ ಓಬಳೇಶನ ಹೆಸರೆತ್ತಿದರೆ, ಬಾಯಲ್ಲಿದ್ದ ಎಲೆಅಡಿಕೆ ಉಗಿದೇ ಮಾತು ಶುರು ಮಾಡುತ್ತಾಳೆ.

ಹನ್ನೊಂದು ವರ್ಷದ ಹಿಂದೆ ಮನೆ ಪಾಲಾದಾಗ ಓಬಳೇಶ ಕುರಿರೊಪ್ಪದ ಬಾಗಿಲಲ್ಲಿ ನಿಂತು, ಹೊರಬಂದ ಒಂದೊಂದು ಕುರಿಗೂ ಬೆರಳು ಮಾಡಿ ಗಟ್ಟಿಯಾಗಿ ಎಣಿಸಿದ್ದ. ಕುರಿ ಎಣಿಸಬಾರದು, ಎಣಿಸಿದರೆ ದೃಷ್ಟಿ ತಗಲಿ ಮಂದೆ ಕರಗುತ್ತದೆ ಎಂದು ಮುದ್ದಕ್ಕನಿಗೆ ಅವಳ ಅತ್ತೆ ಕಲಿಸಿದ್ದಳು. ಆ ಮಳೆಗಾಲದಲ್ಲಿ ಮುದ್ದಕ್ಕನ ಪಾಲಿನ ಕುರಿಗಳು ಸಾಲುಸಾಲಾಗಿ ಸತ್ತವು. ಓಬಳೇಶನವೂ ಸತ್ತವು, ಆದರೆ ಅದು ಅವಳ ಕಣ್ಣಿಗೆ ಬೀಳಲಿಲ್ಲ. ಅಂದಿನಿಂದ ಮಾತು ಬಂದ್. ಎರಡು ರೊಪ್ಪಗಳ ನಡುವೆ ಒಂದೇ ಮುಳ್ಳುಬೇಲಿ, ಅದರ ಆಚೆಗೂ ಈಚೆಗೂ ಗೊಣಗಾಟ.

ಅವಳಿಗೆ ಸಂಖ್ಯೆ ಬೇಕಾಗಿಯೂ ಇಲ್ಲ. ಸಂಜೆ ಕುರಿ ಒಳಗೆ ಹೊಡೆಯುವಾಗ ಮುಖ ನೋಡುತ್ತಾಳೆ. ಕಿವಿ ಹರಿದದ್ದು ಬಂದಿಲ್ಲ, ಬಿಳಿಮೂತಿ ಹಿಂದುಳಿದಿದೆ ಎಂದು ಗೊತ್ತಾಗಿಬಿಡುತ್ತದೆ. ಯಾರಾದರೂ ಎಷ್ಟಿವೆ ಎಂದು ಕೇಳಿದರೆ ‘ಒಂದ್ನಲವತ್ತು’ ಅನ್ನುತ್ತಾಳೆ. ಇಪ್ಪತ್ತಿದ್ದಾಗಲೂ ನಲವತ್ತು, ಈಗಲೂ ನಲವತ್ತು.

ಈ ವರ್ಷ ಮಳೆ ಚೆನ್ನಾಗಿ ಬಂದು ಕೆರೆ ಅಂಚಿನಲ್ಲಿ ಹುಲ್ಲು ಎದ್ದಿತು. ಮುದ್ದಕ್ಕ ಕುರಿಗಳನ್ನು ದಿನಾ ಅಲ್ಲಿಗೇ ಹೊಡೆದಳು. ಒಂದೂವರೆ ತಿಂಗಳಿಗೆಲ್ಲ, ದುಂಡಗೆ ಹಿಕ್ಕೆ ಹಾಕಬೇಕಾದ ಕುರಿಗಳು ನೀರುನೀರಾಗಿ ಹಾಕತೊಡಗಿದವು. ಹಿಂಭಾಗದ ಉಣ್ಣೆಯೆಲ್ಲ ಹಸಿರು ಗಬ್ಬು. ಕೆಲವಕ್ಕೆ ದವಡೆಯ ಕೆಳಗೆ ನೀರು ತುಂಬಿ ಬಾವು ಜೋತುಬಿತ್ತು.

ಪಶು ಆಸ್ಪತ್ರೆಯ ಡಾಕ್ಟರು ಶಿವರಂಜನಿ, ಕೇಳಿದ ಕೂಡಲೇ ಜಂತುಹುಳ ಎಂದರು. ಎಷ್ಟು ಕುರಿ ಎಂದು ಕೇಳಿ, ನಲವತ್ತಕ್ಕಾಗುವಷ್ಟು ಔಷಧಿ ಅಳೆದು ಕೊಟ್ಟರು. ಮುದ್ದಕ್ಕ ಒಂದಕ್ಕೆ ಕುಡಿಸಿ ಇನ್ನೊಂದನ್ನು ಬಿಡುವವಳಲ್ಲ. ಔಷಧಿಗೆ ಎರಡು ಚೊಂಬು ನೀರು ಬೆರೆಸಿ, ಬಿದಿರಿನ ಗೊಟ್ಟದಲ್ಲಿ ಎಲ್ಲದರ ಗಂಟಲಿಗೂ ಸಮನಾಗಿ ಇಳಿಸಿದಳು. ಒಂದು ವಾರ ಕೊಂಚ ಸುಧಾರಿಸಿದವು, ಮತ್ತೆ ಅದೇ ಭೇದಿ. ಹೀಗೆ ಮೂರು ಸಲ ಆಯಿತು. ಅಷ್ಟರಲ್ಲಿ ಏಳು ಮುಖ ರೊಪ್ಪದಿಂದ ಮಾಯವಾಗಿದ್ದವು.

ಮುದ್ದಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಾಟಲಿ ಕುಕ್ಕಿದಳು. “ನೀರು ತುಂಬಿ ಕಳಿಸ್ತೀರಲ್ಲ ಡಾಕ್ಟ್ರಮ್ಮ, ನಮ್ಮೂರಾಗೆ ನೀರಿಲ್ವಾ?”

ಶಿವರಂಜನಿಯವರೂ ಸುಮ್ಮನೆ ಕೇಳಿಸಿಕೊಳ್ಳುವವರಲ್ಲ. ಮುಖ ಗಂಟಿಕ್ಕಿ, ಕುರಿಯ ಮಲ ತರಿಸಿ ಪರೀಕ್ಷೆ ಮಾಡಿದರು. ಹುಳದ ಮೊಟ್ಟೆ ಇನ್ನೂ ರಾಶಿರಾಶಿ ಇದ್ದವು. ಮಂಗಳವಾರ ಬೆಳಿಗ್ಗೆ, ಕುರಿ ಮೇಯಲು ಹೊರಡುವ ಮೊದಲೇ, ಬೇರೆ ಔಷಧಿ ಹಿಡಿದು ತಾವೇ ಬಂದರು.

“ಎಷ್ಟಿವೆ?”

“ಹೇಳಿದ್ನಲ್ಲ, ಒಂದ್ನಲವತ್ತು.”

ಬೇಲಿಯಾಚೆಯಿಂದ ಓಬಳೇಶ ಕ್ಯಾಕರಿಸಿದ. “ಡಾಕ್ಟ್ರೇ, ಆಯಮ್ಮ ಸತ್ರೂ ನಿಜ ಹೇಳಾಕಿಲ್ಲ. ಇವಳ ಕುರಿ ಕೆರೆ ತುಂಬಾ ಉದುರ್ಸಿ ಬತ್ತವೆ, ಅದ್ರ ಹುಳ ನನ್ನ ಕುರೀಗೂ ಹತ್ಕಂಡೈತೆ. ಇರಿ, ನಾನೇ ಎಣಿಸ್ತೀನಿ.” ಅಂದವನೇ ಬೇಲಿ ದಾಟಿ ಬಂದು ರೊಪ್ಪದ ಬಾಗಿಲನ್ನು ಒಂದೇ ಕುರಿ ನುಸುಳುವಷ್ಟು ತೆರೆದ.

“ಬಾಗ್ಲು ಮುಟ್ಬೇಡ ಕಣ್ಲಾ,” ಎಂದಳು ಮುದ್ದಕ್ಕ. ಹನ್ನೊಂದು ವರ್ಷದಲ್ಲಿ ಅವನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಓಬಳೇಶ ಎಣಿಸತೊಡಗಿದ. ಮುದ್ದಕ್ಕ ಬಗ್ಗಿ ಬೊಗಸೆ ಮಣ್ಣು ಬಾಚಿ ಅವನ ಮುಖಕ್ಕೆ ತೂರಿದಳು. “ನಿನ್ನ ಬಾಯಿಗೆ ಮಣ್ಣು ಬೀಳ, ನಿನ್ನ ನಾಲಗೆ ಸೇದಿ ಹೋಗ.” ಅವನು ಕಣ್ಣೊರೆಸಿಕೊಂಡು “ಹದಿನೇಳು” ಎಂದ. ಮತ್ತೊಂದು ಬೊಗಸೆ ಬಿತ್ತು. “ಹದಿನೆಂಟು” ಎಂದ. ಮುದ್ದಕ್ಕನಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಅವನು ಎಣಿಸಿದ ಒಂದೊಂದು ಕುರಿಯೂ ಸತ್ತೇ ಹೋಯಿತು ಎಂದುಕೊಂಡು ಅವಳು ಬೇಲಿಯ ಬುಡದಲ್ಲಿ ಕುಸಿದು ಕೂತಳು. ಕೊನೆಯ ಕುರಿ ಹೊರಬಂದಾಗ ಲೆಕ್ಕ ಅರವತ್ತಮೂರಕ್ಕೆ ನಿಂತಿತು.

ಡಾಕ್ಟರಿಗೆ ಬಂದ ಕೋಪ ಅಷ್ಟಿಷ್ಟಲ್ಲ. “ನಲವತ್ತಕ್ಕೆ ಕೊಟ್ಟಿದ್ದನ್ನ ಇಷ್ಟಕ್ಕೂ ಹಂಚಿದ್ರಾ? ಅರ್ಧಂಬರ್ಧ ಔಷಧಿ ಕುಡಿಸಿದರೆ ಹುಳ ಸಾಯಲ್ಲ, ಆ ಔಷಧಿಗೇ ಒಗ್ಗಿಕೊಂಡು ಕೂರುತ್ತೆ. ಸತ್ತ ಕುರಿಗಳನ್ನ ಕೊಂದಿದ್ದು ನನ್ನ ಔಷಧಿ ಅಲ್ಲ ಮುದ್ದಕ್ಕ, ನಿಮ್ಮ ನಲವತ್ತು.”

ಮುದ್ದಕ್ಕನ ಕಣ್ಣ ಮುಂದೆ ಸತ್ತ ಏಳರ ಮುಖವೂ ಒಂದೊಂದಾಗಿ ಬಂತು. ಅವಳ ಕಣ್ಣು ತುಂಬಿತು, ಅದನ್ನು ಓಬಳೇಶ ನೋಡಿದನಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಾಯಿತು.

ಡಾಕ್ಟರು ಕಡಿಮೆ ಬಿದ್ದ ಔಷಧಿಯನ್ನು ತರಿಸಿ, ಒಂದೊಂದು ಕುರಿಯ ತೂಕ ಅಂದಾಜು ಮಾಡಿ, ತುಂಬು ಅಳತೆಯಲ್ಲಿ ಕುಡಿಸಿದರು. ಕೆರೆ ಅಂಚಿಗೆ ಇನ್ನು ಹೊಡೆಯಬೇಡಿ, ಬೆಟ್ಟದ ಕಡೆ ಮೇಯಿಸಿ ಎಂದರು.

ಒಂದು ತಿಂಗಳು ಮುದ್ದಕ್ಕ ಪ್ರತಿ ಬೆಳಿಗ್ಗೆಯೂ ಹೆಣ ಹುಡುಕುತ್ತ ರೊಪ್ಪಕ್ಕೆ ಹೋದಳು. ಒಂದೂ ಸಾಯಲಿಲ್ಲ. ಬಾವು ಇಳಿಯಿತು, ನೆಲದ ಮೇಲೆ ದುಂಡು ಹಿಕ್ಕೆ ಬಿದ್ದವು. ಅವುಗಳನ್ನು ಅಂಗೈಯಲ್ಲಿ ಹಿಡಿದು ಅವಳು ಒಬ್ಬಳೇ ನಕ್ಕಳು. ಖುಷಿಯ ಬೆನ್ನಿಗೇ ಸಿಟ್ಟೂ ಬಂತು. ಹನ್ನೊಂದು ವರ್ಷ ಜತನದಿಂದ ಸಾಕಿದ ದ್ವೇಷಕ್ಕೆ ಬುಡವೇ ಇಲ್ಲವೆಂದಾದರೆ, ಈ ವಯಸ್ಸಿನಲ್ಲಿ ಹೊಸದನ್ನು ಎಲ್ಲಿಂದ ತರುವುದು? ಆಮೇಲೆ ನೆನಪಾಯಿತು: ಅವನು ಕೇಳದೆ ಬೇಲಿ ದಾಟಿದ್ದ, ಬಾಗಿಲು ಮುಟ್ಟಿದ್ದ. ಅಷ್ಟು ಸಾಕಾಯಿತು.

ಮೂರು ತಿಂಗಳ ಮೇಲೆ ಮುಂದಿನ ಔಷಧಿಗೆ ಆಸ್ಪತ್ರೆಗೆ ಹೋದಾಗ ಓಬಳೇಶನೂ ಬಂದಿದ್ದ. ಡಾಕ್ಟರು ಪೆನ್ನು ಹಿಡಿದು, “ಎಷ್ಟು ಕುರಿ ಮುದ್ದಕ್ಕ?” ಎಂದರು.

ಮುದ್ದಕ್ಕ ಬಾಯಿ ತೆರೆದಳು. ನಲವತ್ತು ನಾಲಗೆಯ ತುದಿಗೆ ಬಂತು. ಅದನ್ನು ನುಂಗಿದಳು.

“ಅಲ್ಲಿ ನಿಂತವ್ನಲ್ಲ, ಎಣಿಸಿ ಎಣಿಸಿ ಬಾಯಿ ಹೊಲಸು ಮಾಡ್ಕಂಡಿರೋನು, ಅವನ್ನ ಕೇಳಿ.”

ಓಬಳೇಶ ಅತ್ತಿಗೆಯ ಕಡೆ ನೋಡದೆ, “ಹೊಸ ಮರಿ ಸೇರಿ ಅರವತ್ತೊಂಬತ್ತು ಡಾಕ್ಟ್ರೇ, ಬೆಳಿಗ್ಗೆ ಎಣಿಸಿವ್ನಿ,” ಎಂದ.

ಮುದ್ದಕ್ಕ ಗೋಡೆಯ ಕಡೆ ತಿರುಗಿ ಕಂಬಳಿ ಸರಿಮಾಡಿಕೊಂಡಳು. “ಕಿವಿ ಹರಿದದ್ದನ್ನೂ ಬಿಳಿಮೂತೀನೂ ಮನೆ ಹಿಂದೆ ಕಟ್ಟಾಕಿದೀನಿ. ಆ ಕುರುಡನಿಗೆ ಅವು ಕಂಡಿರಾಕಿಲ್ಲ, ಬರ್ಕಳಿ.”

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಎಪ್ಪತ್ತೊಂದು ಎಂದು ಬರೆದುಕೊಂಡರು.